ತೋಟದ ಕಸ: ಯಾವುದು ಗುಂಡಿಗೆ, ಯಾವುದು ಹೊರಗೆ?

ಪ್ರಶ್ನೆ: ಕತ್ತರಿಸಿದ ಹುಲ್ಲನ್ನೆಲ್ಲ ಗೊಬ್ಬರದ ಗುಂಡಿಗೆ ಸುರಿಯುತ್ತೇನೆ, ತರಗೆಲೆಯನ್ನು ಚೀಲಕ್ಕೆ ತುಂಬಿ ಕಸದವರಿಗೆ ಕೊಡುತ್ತೇನೆ. ವಾರದೊಳಗೆ ಹುಲ್ಲು ಲೋಳೆಯಾಗಿ ನಾರುತ್ತದೆ. ಏಕೆ?

ಉತ್ತರ: ನೀವು ಹೊರಗೆ ಕೊಡುತ್ತಿರುವ ತರಗೆಲೆಯೇ ಆ ಗುಂಡಿಗೆ ಬೇಕಾಗಿರುವುದು. ಹಸಿ ಹುಲ್ಲಿನಲ್ಲಿ ನೀರು, ಸಾರಜನಕ ಎರಡೂ ಹೆಚ್ಚು. ದಪ್ಪಗೆ ಸುರಿದರೆ ತನ್ನ ಭಾರಕ್ಕೇ ಚಾಪೆಯಂತೆ ಒತ್ತಿಕೊಳ್ಳುತ್ತದೆ, ಒಳಗೆ ಗಾಳಿ ಆಡುವುದಿಲ್ಲ, ಕೊಳೆತು ನಾರುತ್ತದೆ. ಒಂದು ಬಕೆಟ್ ಹುಲ್ಲಿಗೆ ಎರಡು-ಮೂರು ಬಕೆಟ್ ತರಗೆಲೆ ಸೇರಿಸಿ. ಹುಲ್ಲಿನ ಪದರ ಎರಡು ಅಂಗುಲ ಮೀರದಿರಲಿ. ಈಗ ಆಗಿರುವ ಲೋಳೆಯನ್ನು ಎಸೆಯಬೇಡಿ. ಹೊರಗೆಳೆದು, ಬಿಡಿಸಿ, ತರಗೆಲೆಯೊಂದಿಗೆ ಕಲಸಿ ಮತ್ತೆ ಹಾಕಿ. ಒಂದು ಹಿಡಿ ತೆಗೆದು ಬಿಗಿಯಾಗಿ ಹಿಂಡಿದಾಗ ಒಂದೆರಡು ಹನಿ ಮಾತ್ರ ಬಂದರೆ ತೇವ ಹದವಾಗಿದೆ. ನೀರು ಧಾರೆಯಾಗಿ ಇಳಿದರೆ ಇನ್ನಷ್ಟು ತರಗೆಲೆ ಬೇಕು.

ಪ್ರಶ್ನೆ: ಕಳೆ, ರೋಗ ಬಂದ ಗಿಡಗಳನ್ನೂ ಗುಂಡಿಗೆ ಹಾಕಬಹುದೇ?

ಉತ್ತರ: ಹೂ ಬಿಡುವ ಮೊದಲೇ ಕಿತ್ತ ಕಳೆಯನ್ನು ಹಾಕಬಹುದು. ಬೀಜ ಕಟ್ಟಿದ್ದನ್ನು ಬೇಡ. ಬೀಜ ಸಾಯಲು ರಾಶಿ ಹಲವು ದಿನ 55 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚು ಬಿಸಿಯಾಗಿರಬೇಕು. ಮನೆಯ ಸಣ್ಣ ರಾಶಿಯ ಅಂಚುಗಳು ಅಷ್ಟು ಕಾಯುವುದೇ ಇಲ್ಲ. ಜೇಕು ಎಂಬ ಹುಲ್ಲಿನಂಥ ಕಳೆಯ ಗಡ್ಡೆಯನ್ನಂತೂ ಹತ್ತಿರ ಸೇರಿಸಬೇಡಿ, ಗೊಬ್ಬರದ ಜೊತೆ ಪಾತಿಯಿಂದ ಪಾತಿಗೆ ಹರಡುತ್ತದೆ.

ಟೊಮೆಟೊ, ಬದನೆ ಗಿಡ ಹಸಿರಾಗಿರುವಾಗಲೇ ಸೊರಗಿದರೆ ಕಿತ್ತು ನೋಡಿ. ಬೇರಿನಲ್ಲಿ ಗಂಟುಗಳಿದ್ದರೆ ಮಣ್ಣಿನಲ್ಲಿದ್ದು ಬೇರಿಗೆ ಹತ್ತುವ ಸೂಕ್ಷ್ಮ ಜಂತುಹುಳುವಿನ (ನೆಮಟೋಡ್) ಬಾಧೆ. ಗಂಟಿಲ್ಲದಿದ್ದರೆ ಬುಡದ ಕಾಂಡವನ್ನು ಕತ್ತರಿಸಿ, ಕೊಯ್ದ ತುದಿ ಮುಳುಗುವಂತೆ ಗಾಜಿನ ಲೋಟದ ತಿಳಿನೀರಿನಲ್ಲಿ ಅಲ್ಲಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ಹಾಲಿನಂಥ ಎಳೆ ಇಳಿದರೆ ಅದು ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ಎರಡೂ ಮಣ್ಣಿನಲ್ಲಿ ಉಳಿಯುವಂಥವು. ಗಿಡವನ್ನು ಬೇರುಸಮೇತ ಚೀಲದಲ್ಲಿ ಕಟ್ಟಿ ಹೊರಗೆ ಕಳಿಸಿ, ಸಲಿಕೆ ತೊಳೆಯಿರಿ. ತೋಟದ ಮೂಲೆಗೆ ಎಸೆದರೆ ಮಳೆನೀರಿನ ಜೊತೆ ರೋಗ ಮತ್ತೆ ಪಾತಿಗೇ ಬರುತ್ತದೆ. ಬರೀ ಎಲೆಚುಕ್ಕೆ ಇದ್ದರೂ ರಾಶಿ ಸರಿಯಾಗಿ ಕಾಯದಿದ್ದರೆ ಹಾಕದಿರುವುದೇ ಕ್ಷೇಮ.

ಪ್ರಶ್ನೆ: ಕೊಂಬೆ, ಒಡೆದ ಕುಂಡ, ಔಷಧಿ ಬಾಟಲಿಗಳನ್ನು ಒಂದೇ ಚೀಲದಲ್ಲಿ ಕೊಡಬಹುದೇ?

ಉತ್ತರ: ಬೇಡ. ಬೆರಳಿಗಿಂತ ತೆಳುವಾದ ಕಡ್ಡಿಗಳನ್ನು ತುಂಡರಿಸಿ ಗುಂಡಿಗೇ ಹಾಕಿ, ದಪ್ಪ ಕೊಂಬೆಗಳನ್ನು ಬೇರೆ ಕಂತೆ ಕಟ್ಟಿ. ಯಾವುದನ್ನೂ ಸುಡಬೇಡಿ, ಕಣಗಿಲೆಯ ಹೊಗೆಯಂತೂ ವಿಷ. ಕುಂಡದ ಚೂರು, ಸಸಿಯ ಪ್ಲಾಸ್ಟಿಕ್ ಚೀಲ, ಕಟ್ಟಿದ ತಂತಿ ಇವು ತೋಟದಿಂದ ಬಂದರೂ ತೋಟದ ಕಸವಲ್ಲ, ಒಣ ಕಸದಲ್ಲಿ ಬೇರೆಬೇರೆಯಾಗಿ ಹೋಗಬೇಕು. ಕೀಟನಾಶಕದ ಬಾಟಲಿ ಅಪಾಯಕಾರಿ ಕಸ. ಅದನ್ನು ಮುಚ್ಚಳ ಬಿಗಿದು ಪ್ರತ್ಯೇಕವಾಗಿ ಕೊಡಿ. ಉಳಿದ ಔಷಧಿಯನ್ನು ಮೋರಿಗೆ ಸುರಿಯಬೇಡಿ.