ಪ್ರತಿಕ್ರಿಯೆ: ಸಭೆಯಲ್ಲಿ ನಾಲ್ಕೇ ಜನ ಮಾತಾಡ್ತಾರೆ, ಏನು ಮಾಡೋದು?

ಶಿರಸಿ ಕಡೆಯ ನಿಮ್ಮ ಹಾಲು ಸಂಘದ ಸಭೆಯಲ್ಲಿ ನಾಲ್ಕು ಜನ ಬಿಟ್ಟು ಉಳಿದವರು ಸುಮ್ನೆ ಕೂರುವುದಕ್ಕೆ ಕಾರಣ ಬಹುಶಃ ಕೂರಿಸುವ ರೀತಿ. ವೇದಿಕೆ, ಮೈಕು, ಸಾಲು ಕುರ್ಚಿ ಇದ್ದರೆ ಅದು ಭಾಷಣವೇ ಆಗುತ್ತದೆ.

ಮೈಕು ತೆಗೆಯಿರಿ. ಒಂದೊಂದು ಚಾಪೆಗೆ ನಾಲ್ಕೈದು ಜನ, ನಡುವೆ ದೊಡ್ಡ ಹಾಳೆ, ಸ್ಕೆಚ್ ಪೆನ್. ಇದಕ್ಕೆ ವರ್ಲ್ಡ್ ಕೆಫೆ ಅಂತಾರೆ, 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು. ಪ್ರಶ್ನೆ ಮಾತ್ರ ನೋಡಿ ಆರಿಸಿ. "ಸಂಘ ಸುಧಾರಿಸುವುದು ಹೇಗೆ?" ಅಂದರೆ ಎಲ್ಲರೂ ಅಧ್ಯಕ್ಷರ ಮುಖ ನೋಡುತ್ತಾರೆ. "ಮಳೆಗಾಲದಲ್ಲಿ ಹಾಲು ತರೋದು ಎಲ್ಲಿ ಕಷ್ಟ ಆಯ್ತು?" ಅಂತ ಕೇಳಿ, ಕ್ಯಾನ್ ಹಿಡಿದು ಸಂಕ (ಹಳ್ಳದ ಮೇಲಿನ ಕಾಲುಸೇತುವೆ) ದಾಟಿ ಬರುವವರು ತಾವಾಗಿಯೇ ಬಾಯಿ ಬಿಡುತ್ತಾರೆ.

20 ನಿಮಿಷಕ್ಕೊಮ್ಮೆ ಪ್ರತಿ ಚಾಪೆಯಲ್ಲಿ ಒಬ್ಬರು ಉಳಿದು ಬಾಕಿಯವರು ಬೇರೆ ಬೇರೆ ಚಾಪೆಗೆ ಹೋಗಲಿ, ಅಲ್ಲೇ ಉಳಿದ ಒಬ್ಬರು ಹಿಂದಿನ ಮಾತನ್ನು ಹೊಸಬರಿಗೆ ಹೇಳಿ ಮುಂದುವರಿಸಲಿ. ಮೂರು ಸುತ್ತು ಸಾಕು. ದೊಡ್ಡ ಧ್ವನಿಯವರು ಚದುರಿಹೋಗುತ್ತಾರೆ, ಅದೇ ಬೇಕಾದದ್ದು ಅಲ್ವಾ? ಏಳಲು ಒಪ್ಪದ ಹಿರಿಯರನ್ನೇ ಚಾಪೆಗೆ ಯಜಮಾನರನ್ನಾಗಿ, ಅಂದರೆ ಅಲ್ಲೇ ಉಳಿಯುವವರನ್ನಾಗಿ ಮಾಡಿ.

ಗಂಡಸರ ಜೊತೆ ಕೂತರೆ ಹೆಂಗಸರು ಮಾತಾಡ್ತಾರಾ ಅನ್ನೋದು ಊರಿನ ಮೇಲೆ ಹೋಗುತ್ತದೆ; ಮೊದಲ ಸುತ್ತು ಬೇರೆ ಬೇರೆ ಕೂರಿಸಿ ನೋಡಿ. ಚಹಾ ಮಧ್ಯದಲ್ಲೇ ಕೊಡಿ, ಆಮೇಲೆ ಮಾತು ಜಾಸ್ತಿ ಬರುತ್ತದೆ. ಕೊನೆಗೆ ಹಾಳೆಗಳನ್ನು ಗೋಡೆಗೆ ಅಂಟಿಸಿ, ಯಾವ ಕೆಲಸ, ಯಾರು, ಯಾವಾಗ ಅಂತ ಅಲ್ಲೇ ಬರೆಯಿರಿ.