ಪ್ರತಿಕ್ರಿಯೆ: 1950ರ ದಶಕದ ಪೇಟೆ ಬೆಂಕಿಯ ದಾಖಲೆ ಅಗ್ನಿಶಾಮಕ ಠಾಣೆಯಲ್ಲಿ ಏಕೆ ಸಿಗಲಿಲ್ಲ?

ನಿಮ್ಮ ಊರಿನ ಪೇಟೆಯಲ್ಲಿ ಆದ, ನೀವು ದಾಖಲೆ ಹುಡುಕುತ್ತಿರುವ ಆ ಬೆಂಕಿ ರಾಜ್ಯದ ಅಗ್ನಿಶಾಮಕ ದಳದ ಕಾಯ್ದೆಗಿಂತ ಹಿಂದಿನದು. ಠಾಣೆಯವರ ಬಳಿ ಕಾಗದವಿಲ್ಲದಿರಲು ಬಹುಶಃ ಅದೇ ಕಾರಣ. ಕಾಯ್ದೆ ಬಂದದ್ದು 1964ರಲ್ಲಿ. ಅದಕ್ಕೆ ಮೊದಲು ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವ ಹೊಣೆ ಹೆಚ್ಚಾಗಿ ಪುರಸಭೆಯದ್ದಾಗಿತ್ತು.

ಆದ್ದರಿಂದ ಮೊದಲು ಪುರಸಭೆಯಲ್ಲಿ ಆ ವರ್ಷದ ಸಭಾ ನಡವಳಿ ಪುಸ್ತಕವನ್ನು ಕೇಳಿ. ‘ಬೆಂಕಿ’ ಎಂಬ ಶೀರ್ಷಿಕೆಯನ್ನಷ್ಟೇ ಹುಡುಕಬೇಡಿ. ಪಂಪಿನ ದುರಸ್ತಿ, ನೀರು ಹೊತ್ತವರಿಗೆ ಕೊಟ್ಟ ಕೂಲಿ, ಮನೆ ಕಳೆದುಕೊಂಡವರಿಗೆ ನೀಡಿದ ಪರಿಹಾರ ಇವುಗಳ ಖರ್ಚಿನ ನಮೂದುಗಳಲ್ಲೇ ಘಟನೆಯ ನಿಜವಾದ ವಿವರ ಅಡಗಿರುತ್ತದೆ, ಮತ್ತು ಅಂದು ದುಡಿದವರ ಹೆಸರುಗಳು ಉಳಿದಿದ್ದರೆ ಅಲ್ಲಿಯೇ ಉಳಿದಿರುವ ಸಂಭವ ಹೆಚ್ಚು. ಹಳೆಯ ಪುಸ್ತಕಗಳು ಗೆದ್ದಲು ಹಿಡಿದು ನಾಶವಾಗಿರಲೂಬಹುದು. ಸಿಬ್ಬಂದಿ ಬಾಯಿಮಾತಿನಲ್ಲಿ ಇಲ್ಲವೆಂದರೆ ಹತ್ತು ರೂಪಾಯಿ ಶುಲ್ಕದೊಡನೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 30 ದಿನಗಳೊಳಗೆ ಲಿಖಿತ ಉತ್ತರ ಬರಬೇಕು.

ನಂತರ ಬೆಂಗಳೂರಿಗೆ ಬಂದು, ಹಳೆಯ ಸರ್ಕಾರಿ ಕಡತಗಳನ್ನು ಕಾಪಾಡುವ, ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದಲ್ಲಿ ಗುರುತಿನ ಚೀಟಿಯೊಡನೆ ಲಿಖಿತ ಮನವಿ ಕೊಡಿ. ನಿಮ್ಮ ಊರು ಹಳೆಯ ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ ಅಲ್ಲಿ ಹುಡುಕುವುದು ಸಾರ್ಥಕ. 1956ಕ್ಕೆ ಮೊದಲು ಮುಂಬೈ ಪ್ರಾಂತಕ್ಕೋ ಹೈದರಾಬಾದಿಗೋ ಸೇರಿದ್ದ ಊರಾಗಿದ್ದರೆ ದಾರಿ ಬೇರೆಯಾಗುತ್ತಿತ್ತು. ಕಡತದ ಪಟ್ಟಿಯಲ್ಲಿ ‘ಕರ್ನಾಟಕ’ ಎಂದಲ್ಲ, ‘ಮೈಸೂರು’ ಎಂದು ನೋಡಿ; ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದದ್ದು 1973ರಲ್ಲಿ.

ತಿಂಗಳು ಗೊತ್ತಾದ ಮೇಲೆ, 1948ರಲ್ಲಿ ಆರಂಭವಾದ ‘ಪ್ರಜಾವಾಣಿ’ಯ ಹಳೆಯ ಸಂಚಿಕೆಗಳಿಗಾಗಿ ಕಬ್ಬನ್ ಉದ್ಯಾನದ ಕೇಂದ್ರ ಗ್ರಂಥಾಲಯದಲ್ಲಿ ವಿಚಾರಿಸಿ.