ಮಾಡಿನ ಮೇಲೆ ಕೊಂಬೆ ಬಿದ್ದಿದೆ, ಕ್ಲೇಮ್ ಹಾಕಬೇಕೆ?

ಪ್ರಶ್ನೆ: ನಮ್ಮದು ಹಂಚಿನ ಮನೆ. ಮೇ ತಿಂಗಳ ಗಾಳಿಮಳೆಗೆ ಹಲಸಿನ ಕೊಂಬೆ ಮುರಿದು ಹಿಂಬದಿ ಮಾಡಿನ ಮೇಲೆ ಬಿತ್ತು. ಸುಮಾರು 200 ಹಂಚು, ಮೂರು ಪಕಾಸು (ಮಾಡನ್ನು ಹೊರುವ ಓರೆ ಮರ) ಹೋಗಿವೆ. ಅಡುಗೆಮನೆ ಕಡೆ ಎರಡು ವರ್ಷದಿಂದ ಸೋರುತ್ತಿತ್ತು. ಅದನ್ನೂ ಸೇರಿಸಿ ಬಡಗಿ 46,000 ರೂ. ಅಂದಾಜು ಕೊಟ್ಟಿದ್ದಾರೆ. ಭಾರತ್ ಗೃಹ ರಕ್ಷಾ ಎಂಬ ಮನೆ ವಿಮೆ ಪಾಲಿಸಿ ಇದೆ. ಕ್ಲೇಮ್ ಹಾಕಿದರೆ ಪ್ರೀಮಿಯಂ ಏರುತ್ತದೆಯೆ?
– ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಹಾಕಿ. ಆದರೆ 46,000ಕ್ಕೆ ಬೇಡ. ಬಡಗಿಯಿಂದ ಎರಡು ಪಟ್ಟಿ ಬರೆಸಿ, ಕೊಂಬೆ ಬಿದ್ದ ಜಾಗದ್ದು ಒಂದು, ಅಡುಗೆಮನೆಯದು ಇನ್ನೊಂದು. ಬಿರುಗಾಳಿ, ಮರ ಬೀಳುವುದು ಪಾಲಿಸಿಯೊಳಗೆ ಬರುತ್ತವೆ. ಹಳೆಯ ಸೋರಿಕೆ, ಗೆದ್ದಲು ಬರುವುದಿಲ್ಲ. ಎರಡನ್ನೂ ಬೆರೆಸಿ ಕೊಟ್ಟರೆ ನಿಜವಾದ ನಷ್ಟದ ಮೇಲೂ ಅನುಮಾನ ಬೀಳುತ್ತದೆ.

ನಷ್ಟ ಅಂದಾಜಿಸಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಮೊದಲು ನೋಡುವುದು ಹಂಚಿನ ಒಡಕನ್ನು. ಹೊಸದಾಗಿ ಒಡೆದ ಹಂಚಿನ ಅಂಚು ಇಟ್ಟಿಗೆಯಂತೆ ಕೆಂಪಗಿರುತ್ತದೆ, ಹಳೆಯ ಬಿರುಕಿನೊಳಗೆ ಕಪ್ಪು ಪಾಚಿ ಹತ್ತಿರುತ್ತದೆ. ಮರವೂ ಹಾಗೆಯೇ: ಭಾರಕ್ಕೆ ಮುರಿದ ಪಕಾಸಿನ ತುದಿಯಲ್ಲಿ ಬಿಳಿಚಿದ ನಾರು ಕಾಣುತ್ತದೆ, ಲಡ್ಡಾದದ್ದು, ಅಂದರೆ ಕೊಳೆತದ್ದು, ಪುಡಿಯಾಗಿ ಉದುರುತ್ತದೆ. ಹಾಗಾಗಿ ಒಡೆದ ಹಂಚನ್ನು ಎಸೆಯಬೇಡಿ, ಅಂಗಳದ ಮೂಲೆಯಲ್ಲಿ ಪೇರಿಸಿಡಿ. ಮಾಡಿನ ತೂತನ್ನೂ ಅಳೆಯಿರಿ. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಹಿಡಿಯುತ್ತದೆ. ತೂತು 10 ಅಡಿಗೆ 12 ಅಡಿ ಇದ್ದರೆ ಲೆಕ್ಕಕ್ಕೆ ಸಿಗುವುದು 165ರ ಆಸುಪಾಸು. 200 ಎಂದು ಬರೆದರೆ ಉಳಿದದ್ದು ಎಲ್ಲಿಯದೆಂದು ಕೇಳುತ್ತಾರೆ. ಸುತ್ತಲಿನ ಸೀಳಿದ ಹಂಚುಗಳನ್ನು ಬೇರೆಯಾಗಿ ಎಣಿಸಿ ತೋರಿಸಿ.

ಕೊಂಬೆ ಇದ್ದಲ್ಲೇ ಇರುವಾಗ ಫೋಟೊ ತೆಗೆದು, ಕಂಪನಿಗೆ ತಕ್ಷಣ ತಿಳಿಸಿ, ಟಾರ್ಪಾಲು ಹೊದಿಸಿ. ಅದರ ಬಿಲ್ಲನ್ನೂ ಇಟ್ಟುಕೊಳ್ಳಿ. ನಷ್ಟ ಕಂಡ 30 ದಿನದೊಳಗೆ ಕ್ಲೇಮ್ ಫಾರಂ ಹೋಗಬೇಕು. ಗ್ರಾಮ ಆಡಳಿತ ಅಧಿಕಾರಿ ಪಂಚನಾಮೆ ಮಾಡಿದ್ದರೆ ಅದರ ನಕಲು ಒಳ್ಳೆಯ ಸಾಕ್ಷಿ. ಕೊಂಬೆ, ಅವಶೇಷ ಸಾಗಿಸುವ ಖರ್ಚು ಕ್ಲೇಮ್ ಮೊತ್ತದ 2% ಮಾತ್ರ ಸಿಗುತ್ತದೆ: ಕೊಂಬೆಯ ನಷ್ಟ 32,000 ಎಂದಾದರೆ 640 ರೂ. ಮರ ಕಡಿಯುವವರ ಕೂಲಿಗೆ ಅದು ಸಾಲದು.

ಪ್ರೀಮಿಯಂ ಭಯ ಹೆಚ್ಚಾಗಿ ವಾಹನ ವಿಮೆಯಿಂದ ಬಂದದ್ದು. ಅಲ್ಲಿನ ನೋ ಕ್ಲೇಮ್ ಬೋನಸ್ (ಕ್ಲೇಮ್ ಹಾಕದವರಿಗೆ ಸಿಗುವ ಪ್ರೀಮಿಯಂ ರಿಯಾಯಿತಿ) ಮನೆ ವಿಮೆಯಲ್ಲಿ ಸಾಮಾನ್ಯವಾಗಿ ಇಲ್ಲ. ನೋಡಬೇಕಾದದ್ದು ಪಾಲಿಸಿಯ ವಿವರಪಟ್ಟಿಯಲ್ಲಿರುವ (ಷೆಡ್ಯೂಲ್) ಎಕ್ಸೆಸ್, ಅಂದರೆ ನೀವೇ ಹೊರಬೇಕಾದ ಮೊತ್ತ. ಅದು 5,000 ಇದ್ದು ನಷ್ಟ 6,000 ಆಗಿದ್ದರೆ ಓಡಾಟ ಬೇಡ ಎನ್ನುತ್ತಿದ್ದೆವು. ನಿಮ್ಮದು ಹಾಗಲ್ಲ.

ಪ್ರಶ್ನೆ: ಆರ್‌ಸಿಸಿ ತಾರಸಿಯಿಂದ ನೀರು ಒಸರುತ್ತಿದೆ. ಕ್ಲೇಮ್ ಸಿಗುತ್ತದೆಯೆ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ವಾಟರ್‌ಪ್ರೂಫಿಂಗ್ ಸವೆದು ಒಸರಿದರೆ ಇಲ್ಲ. ನೀರಿನ ಟ್ಯಾಂಕ್ ಅಥವಾ ಪೈಪು ಒಡೆದು ನೀರು ನುಗ್ಗಿದ್ದರೆ ಹೌದು. ರಿಪೇರಿಗೆ ಕೈ ಹಾಕುವ ಮೊದಲು ಪ್ಲಂಬರನ್ನು ಕರೆಸಿ ಮೂಲ ಯಾವುದೆಂದು ಬರವಣಿಗೆಯಲ್ಲಿ ಪಡೆಯಿರಿ.